ಕೂಸು ಸುಲಭ, ಕೂಸಿನ ತಾಯಿ ಕಷ್ಟ

ಕಲಬುರಗಿಯಲ್ಲಿ ಈಗ ಮಗು ನೋಡಿಕೊಳ್ಳುವವರು ಬೇಕು ಅನ್ನುವ ಮನೆಗಳು ಬಹಳ ಇವೆ. ಗಂಡ ಹೆಂಡತಿ ಇಬ್ಬರಿಗೂ ನೌಕರಿ. ಅತ್ತೆ ಮಾವ ಊರು, ಹೊಲ ಬಿಟ್ಟು ಬರಲ್ಲ. ಅಂಗನವಾಡಿಗೆ ಕಳಿಸೋಣ ಅಂದರೆ ಮಗುವಿಗೆ ಮೂರು ವರ್ಷ ತುಂಬಬೇಕು. ಹಳ್ಳಿಗಳ ಕಡೆ ಪಂಚಾಯ್ತಿಯವರು 'ಕೂಸಿನ ಮನೆ' ಅಂತ ಮಾಡಿದ್ದಾರೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಅಲ್ಲಿ ಬಿಟ್ಟು ಹೋಗಬಹುದು, ನೋಡಿಕೊಳ್ಳುವ ಹೆಂಗಸರಿಗೆ ತರಬೇತಿಯೂ ಇರುತ್ತದೆ. ಸಿಟಿಯಲ್ಲಿ ನೌಕರಿ ಮಾಡುವ ತಾಯಿಗೆ ಅಷ್ಟೂ ಇಲ್ಲ. ಹಾಗಾಗಿ ಗೊತ್ತಿದ್ದವರ ಕಡೆಯಿಂದ ಗೊತ್ತಿದ್ದವರ ಮಗಳನ್ನು ಹುಡುಕುತ್ತಾರೆ. ಆ ಗೊತ್ತಿದ್ದವರ ಮಗಳು ನಾನು.

ಬಿಎ ಮುಗಿಸಿ, ಬಿಎಡ್ ಮುಗಿಸಿ, ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುತ್ತಾ ಜೇವರ್ಗಿ ರಸ್ತೆ ಕಡೆ ಒಂದು ರೂಮಿನಲ್ಲಿ ಅಕ್ಕನ ಜೊತೆ ಇದ್ದೆ. ನಮ್ಮೂರು ಆಳಂದ ಕಡೆ. ಓದುವುದೇನೋ ಸರಿ, ರೂಮಿನ ಬಾಡಿಗೆಗೆ ಪ್ರತಿ ತಿಂಗಳು ಅಕ್ಕನ ಮುಖ ನೋಡುವುದು ಸಾಕಾಗಿತ್ತು. ಚಿಕ್ಕಮ್ಮ ಒಬ್ಬರು ಸೇಡಂ ರಸ್ತೆ ಕಡೆಯ ಲೇಔಟ್‌ನಲ್ಲಿ ಅಡಿಗೆ ಕೆಲಸ ಮಾಡುತ್ತಾರೆ. ಅವರೇ ಹೇಳಿದ್ದು, ಒಂದು ಮನೆಯಲ್ಲಿ ಒಂಬತ್ತು ತಿಂಗಳ ಗಂಡು ಕೂಸು ಇದೆ, ತಾಯಿ ಸರ್ಕಾರಿ ಕಚೇರಿಯಲ್ಲಿ ಆಫೀಸರ್, ರಜೆ ಮುಗಿಯುತ್ತಾ ಬಂತು, ಓದಿದ ಹುಡುಗಿಯೇ ಬೇಕಂತೆ ಅಂತ. ಜೊತೆಗೆ ಇನ್ನೊಂದು ಮಾತೂ ಸೇರಿಸಿದರು: "ಮೊದಲಿದ್ದ ಇಬ್ಬರು ಬಿಟ್ಟು ಹೋಗ್ಯಾರ. ಬಾಯಾರು ಭಾಳ ಕಟ್ಟುನಿಟ್ಟು."

ಅವ್ವನಿಗೆ ಫೋನಿನಲ್ಲಿ ಹೇಳಿದರೆ, "ಇಷ್ಟು ಓದಿ ಮಂದಿ ಕೂಸು ಆಡಸ್ಲಿಕ್ಕ ಹೋಗ್ತಿಯೇನು?" ಅಂದಳು. ನಮ್ಮ ಕಡೆ ಕೂಸು ಆಡಿಸುವುದನ್ನು ಯಾರೂ ಕೆಲಸ ಅಂತ ಎಣಿಸಿದ್ದೇ ಇಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗಲೇ ಅಣ್ಣನ ಇಬ್ಬರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದವಳು. ಸೀರೆಯ ಜೋಲಿ ಕಟ್ಟಿ ಮಲಗಿಸುವುದು, ಎಣ್ಣೆ ತಿಕ್ಕಿ ಎರೆಯುವುದು, ಹಠ ಮಾಡಿದರೆ ಹೊರಗೆ ಕರೆದುಕೊಂಡು ಹೋಗಿ ದನ ತೋರಿಸುವುದು, ಎಲ್ಲಾ ಬರುತ್ತಿತ್ತು. ಅದಕ್ಕೆ ಒಂದು ರೂಪಾಯಿ ಕೊಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ, ನನಗೂ.

ಮ್ಯಾಡಂ ನನ್ನನ್ನು ಕೂರಿಸಿ ಸಂದರ್ಶನ ಮಾಡಿದರು. ಸಂದರ್ಶನ ಅಂದರೆ ನಿಜವಾಗಲೂ ಸಂದರ್ಶನ. ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡುತ್ತೀ? ಬೆರಳು ಹಾಕಿ ತೆಗೆಯುತ್ತೇನೆ ಅಂದೆ. ತಕ್ಷಣ ತಡೆದರು. ಕಾಣದ ವಸ್ತುವಿಗೆ ಬೆರಳು ಹಾಕಿದರೆ ಇನ್ನೂ ಒಳಗೆ ಹೋಗುತ್ತದಂತೆ. ಒಂದು ಗೊಂಬೆ ತಂದು ತೋರಿಸಿದರು. ವರ್ಷ ತುಂಬದ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಬರುವ ಹಾಗೆ ಹಿಡಿದು, ಬೆನ್ನ ಮೇಲೆ ಎರಡು ಭುಜದ ನಡುವೆ ಅಂಗೈ ಬುಡದಿಂದ 5 ಸಲ ತಟ್ಟಬೇಕು. ಬರದಿದ್ದರೆ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಬೇಕು. ಮತ್ತೆ ಬೆನ್ನು, ಮತ್ತೆ ಎದೆ. ನನ್ನ ಕೈಲೂ ಗೊಂಬೆಗೆ ಮಾಡಿಸಿದರು. ಸುಮ್ನೆ ಹೇಳ್ತಿಲ್ಲ, ಇದೊಂದಕ್ಕೆ ನಾನು ಅವರಿಗೆ ಈಗಲೂ ಋಣಿ. ನಮ್ಮ ಕಡೆ ಮನೆ ಮನೆಯಲ್ಲಿ ಶೇಂಗಾ ಡಬ್ಬಿ ಬಾಯಿ ತೆರೆದೇ ಇರುತ್ತದೆ, ನೆಲದ ಮೇಲೆ ಕಾಳು ಬಿದ್ದಿರುತ್ತವೆ, ಅಂಬೆಗಾಲಿಡುವ ಕೂಸು ಮೊದಲು ಹೆಕ್ಕುವುದೇ ಅದನ್ನು.

ಆಮೇಲೆ ಪಗಾರದ ಮಾತು. ಅವರು 5,000 ಅಂದರು, ನಾನು 8,000 ಅಂದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ. ಬಸ್ಸಿಗೆ ಹೋಗಿ ಬರಬೇಕಲ್ಲ ಮ್ಯಾಡಂ ಅಂದರೆ, "ಹೆಣ್ಣುಮಕ್ಕಳಿಗೆ ಬಸ್ ಫ್ರೀ ಅದಲ್ಲ" ಅಂದರು! 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಅದರಿಂದ ನನ್ನ ಪಗಾರದಲ್ಲಿ ಕಡಿತ ಆಗುತ್ತದೆ ಅಂತ ಯಾರಿಗೆ ಗೊತ್ತಿತ್ತು. ಕೊನೆಗೆ 6,500ಕ್ಕೆ ನಿಂತಿತು, ಮಧ್ಯಾಹ್ನದ ಊಟ ಅವರ ಮನೆಯಲ್ಲೇ. ಮನೆಗೆಲಸಕ್ಕೂ ಕನಿಷ್ಠ ಕೂಲಿ ಗೊತ್ತುಮಾಡಿರುವ ರಾಜ್ಯ ನಮ್ಮದು. ಇದು ನನಗೆ ಆಗಲೂ ಗೊತ್ತಿತ್ತು, ಸರ್ಕಾರಿ ಆಫೀಸರ್ ಆದ ಅವರಿಗೂ ಗೊತ್ತಿರಲೇಬೇಕು. ಇಬ್ಬರೂ ಬಾಯಿ ಬಿಡಲಿಲ್ಲ.

ಮೊದಲ ದಿನ ಹೋದರೆ ಫ್ರಿಜ್ ಮೇಲೆ ಎರಡು ಪುಟ ಪ್ರಿಂಟ್ ಅಂಟಿಸಿದ್ದರು. ಬಳೆ, ಉಂಗುರ ತೆಗೆದಿಡಬೇಕು. ಬಂದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಬೇಕು. ಕೂಸಿಗೆ ಮುತ್ತು ಕೊಡಬಾರದು. ಫೋನ್ ತೋರಿಸಬಾರದು. ಹಾಲು, ಊಟ, ನಿದ್ದೆ, ಉಚ್ಚೆ, ಕಕ್ಕ ಎಲ್ಲದರ ಟೈಮು ಒಂದು ನೋಟ್‌ಬುಕ್‌ನಲ್ಲಿ ಬರೆಯಬೇಕು. ಉಪ್ಪು, ಸಕ್ಕರೆ, ಜೇನು ಬೇಡ. ಬಿಸಿಲಿಗೆ ಕರೆದುಕೊಂಡು ಹೋಗಬಾರದು. ಪಕ್ಕದ ಮನೆಯವರ ಕೈಗೆ ಕೊಡಬಾರದು. ಎರಡು ನಿಮಿಷಕ್ಕಿಂತ ಜಾಸ್ತಿ ಅಳಲು ಬಿಡಬಾರದು (ಇದನ್ನು ಕೂಸಿಗೆ ಹೇಳಿದವರು ಯಾರು ಅಂತ ಕೇಳಬೇಕು ಅನಿಸಿತ್ತು). ಓದುತ್ತಾ ಹೋದ ಹಾಗೆ ಸಿಟ್ಟೂ ಬಂತು, ನಗುವೂ ಬಂತು. ಆದರೆ ಒಂದೊಂದೇ ಯೋಚಿಸಿದರೆ ಮುಕ್ಕಾಲು ಪಾಲು ನಿಯಮ ಸರಿಯೇ ಇದ್ದವು. ಫೋನಿನ ವಿಷಯವನ್ನೇ ನೋಡಿ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಅದನ್ನೇ, ವರ್ಷ ತುಂಬದ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಅಂತ. ನನ್ನ ತಕರಾರು ಬೇರೆ ಇತ್ತು. ಆ ಎರಡು ಪುಟದಲ್ಲಿ ನಾನು ಮಾಡಬೇಕಾದ್ದು, ಮಾಡಬಾರದ್ದು ಎಲ್ಲಾ ಇತ್ತು. ಅವರು ಮಾಡಬೇಕಾದ್ದು ಒಂದು ಸಾಲೂ ಇರಲಿಲ್ಲ.

ಕೂಸು ಮಾತ್ರ ಬಂಗಾರ. ಹೊಸ ಮುಖ ನೋಡಿ ಮೊದಲ ವಾರ ಅತ್ತಿತು, ಆ ವಯಸ್ಸೇ ಹಾಗೆ, ತಾಯಿ ಕಣ್ಮರೆಯಾದರೆ ಲೋಕವೇ ಹೋಯಿತು ಅನ್ನುವ ವಯಸ್ಸು. ಆಮೇಲೆ ಗೇಟಿನ ಸದ್ದು ಕೇಳಿದರೆ ಸಾಕು, ಕೈ ಚಾಚಿಕೊಂಡು ಬರುತ್ತಿತ್ತು. ಮೆತ್ತಗೆ ಮಿದ್ದ ಅನ್ನ, ತೊಗರಿಬೇಳೆ, ಒಂದು ಹನಿ ತುಪ್ಪ ಹಾಕಿ ಕೊಟ್ಟರೆ ಬಟ್ಟಲು ಖಾಲಿ. (ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ವಿಶೇಷ ಗುರುತು, ಬಂದಿದೆ, ಈ ಮನೆಗೆ ಬೇಳೆ ಬರುವುದು ಆನ್‌ಲೈನ್ ಪ್ಯಾಕೆಟ್‌ನಲ್ಲಿ. ಸುಮ್ಮನಿರಲಾರದೆ ಹೇಳಿದೆ ಅಷ್ಟೇ.)

ತಲೆನೋವು ಕೊಟ್ಟದ್ದು ಹಾಲ್‌ನಲ್ಲಿದ್ದ ಕ್ಯಾಮೆರಾ. ಕ್ಯಾಮೆರಾ ಇರಲಿ, ತಪ್ಪಿಲ್ಲ, ಗೊತ್ತಿಲ್ಲದ ಹುಡುಗಿಯ ಕೈಗೆ ಕೂಸು ಕೊಟ್ಟು ಹೋದವರು ನೋಡಬೇಕು ಅನ್ನುವುದು ಸಹಜ. ಅದರೊಳಗೆ ಸ್ಪೀಕರ್ ಇತ್ತು, ಅದು ತೊಂದರೆ. ಆಫೀಸಿನಲ್ಲಿ ಕೂತು ಮ್ಯಾಡಂ ಇದ್ದಕ್ಕಿದ್ದ ಹಾಗೆ ಮಾತಾಡುತ್ತಿದ್ದರು. "ಫ್ಯಾನ್ ಕಡಿಮಿ ಮಾಡು." "ಕೂಸು ಎಲ್ಲಿ, ಕಾಣವಲ್ದು?" "ಸಾಕ್ಸ್ ಯಾಕ ತೆಗದಿ?" ನನಗೆ ಎದೆ ಧಸಕ್ಕೆನ್ನುತ್ತಿತ್ತು, ಅದನ್ನಾದರೂ ಸಹಿಸಬಹುದು. ಕೂಸಿನ ಪಾಡು ಕೇಳಿ. ಅಮ್ಮನ ದನಿ ಬಂದ ಕೂಡಲೇ ಆಟ ಬಿಟ್ಟು ಟಿವಿ ಹಿಂದೆ, ಪರದೆ ಹಿಂದೆ, ಬಾಗಿಲ ಹತ್ತಿರ ಅಂಬೆಗಾಲಲ್ಲಿ ಹುಡುಕುವುದು, ಸಿಗದೇ ಹೋದಾಗ ಬಾಯಿ ಸೊಟ್ಟ ಮಾಡಿ ಅಳಲು ಶುರು. ಅತ್ತ ಕೂಡಲೇ ಮತ್ತೆ ಸ್ಪೀಕರ್: "ಯಾಕ ಅಳ್ತದ?"

ಒಂದು ಸಂಜೆ ಹೇಳಿಬಿಟ್ಟೆ. "ಮ್ಯಾಡಂ, ನೀವು ಮಾತಾಡಿದಾಗೊಮ್ಮೆ ಅವ ನಿಮ್ಮನ್ನ ಹುಡುಕ್ತಾನ್ರಿ. ನೀವು ಮನಿಯಾಗೇ ಅಡಗಿ ಕುಂತೀರಿ ಅನ್ಕೊಂಡಾನ." ರೆಕಾರ್ಡಿಂಗ್ ನೋಡಿದರು ಅನಿಸುತ್ತದೆ. ಮಾರನೆಯ ದಿನದಿಂದ ಸ್ಪೀಕರ್ ಬಂದ್. ಆದರೆ ವಾಟ್ಸಾಪ್ ಶುರುವಾಯಿತು, ಗಂಟೆಗೊಂದು ಫೋಟೊ ಬೇಕು ಅಂತ. ಕೂಸಿಗೆ ಫೋನ್ ತೋರಿಸಬಾರದು, ಫೋನಿನಲ್ಲಿ ಫೋಟೊ ತೆಗೆಯಬೇಕು. ಹೇಗೋ ಮಲಗಿದಾಗ ತೆಗೆದ ಫೋಟೊಗಳನ್ನೇ ತಿರುವಿ ತಿರುವಿ ಕಳಿಸುತ್ತಿದ್ದೆ.

ಇನ್ನು ಆಯಿ. ಅಂದರೆ ಮ್ಯಾಡಂ ಅತ್ತೆ. ಸೇಡಂನಿಂದ ಆಗಾಗ ಬಂದು ನಾಲ್ಕು ದಿನ ಇರುತ್ತಿದ್ದರು. ಒಳ್ಳೆಯ ಜೀವ, ಬಾಯಿ ತುಂಬ ಮಾತು, ಬರುವಾಗ ನನಗೂ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತರುತ್ತಿದ್ದರು. ಆದರೆ ಫ್ರಿಜ್ ಮೇಲಿನ ಎರಡು ಪುಟ ಅವರಿಗೆ ಲೆಕ್ಕಕ್ಕಿಲ್ಲ. ಸೊಸೆ ಗೇಟು ದಾಟಿದ ಕೂಡಲೇ ಜೇನಿನ ಬಾಟಲಿ ಚೀಲದಿಂದ ಹೊರಗೆ ಬರುತ್ತಿತ್ತು. ಬೇಡ ಆಯಿ ಅಂದರೆ, "ಒಂದು ಹನಿಗಿ ಏನಾಗ್ತದವಾ? ನನ್ನ ಮಗಗ ಹುಟ್ಟಿದ ದಿನಾನೇ ನೆಕ್ಕಿಸೀನಿ. ಎಂಜಿನಿಯರ್ ಆಗ್ಯಾನ ಈಗ" ಅನ್ನುತ್ತಿದ್ದರು. ಅದಕ್ಕೆ ಏನಂತ ಉತ್ತರ ಕೊಡುವುದು ಹೇಳಿ.

ವರ್ಷದೊಳಗಿನ ಮಕ್ಕಳಿಗೆ ಜೇನು ಯಾಕೆ ಬೇಡ ಅಂದರೆ, ಅದರಲ್ಲಿ ಬಾಟುಲಿಸಂ ಅನ್ನುವ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ, ಕೂಸಿನ ಕರುಳಿಗೆ ಆಗುವುದಿಲ್ಲ, ಅಲ್ಲಿ ಬೆಳೆದು ವಿಷ ಬಿಡುತ್ತದೆ, ಮೈ ಸಡಿಲಾಗಿ ಉಸಿರಾಟಕ್ಕೇ ತೊಂದರೆ ಬರಬಹುದು. ಎಲ್ಲ ಜೇನಿನಲ್ಲೂ ಇರುವುದಿಲ್ಲ, ಹಾಗಾಗಿಯೇ ಆಯಿಯ ಮಗ ಎಂಜಿನಿಯರ್ ಆದದ್ದು. ಬಿಸಿ ಮಾಡಿದರೂ ಮನೆಯ ಒಲೆಗೆ ಅದು ಸಾಯಲ್ಲ. ಇಷ್ಟನ್ನೂ ಆಯಿಗೆ ಹೇಳಲು ಹೋದೆ, ಅವರು ನನ್ನ ಓದನ್ನು ಹೊಗಳಿ ಬಾಟಲಿ ಮುಚ್ಚಳ ತೆಗೆದರು. ಆಗ ಕೂಸನ್ನು ಎತ್ತಿಕೊಂಡು ಒಳಗೆ ಹೋದೆ. ಸೊಸೆಗೆ ಚಾಡಿ ಹೇಳಬೇಕೋ ಬೇಡವೋ ಅಂತ ಒದ್ದಾಡಿ, ಹೇಳದೇ ಇರಲಿಲ್ಲ. ಆದರೆ ಆಯಿ ಎದುರಿಗೇ ಹೇಳಿದೆ: "ಮ್ಯಾಡಂ, ಆಯಿ ಜೇನು ಕೊಡ್ಲಿಕ್ಕ ಅಂತಾರ, ನೀವು ಬ್ಯಾಡ ಅಂತೀರಿ. ಇಬ್ಬರೂ ಕೂಡಿ ಒಂದು ಮಾತು ಹೇಳ್ರಿ, ನಾ ಹಂಗೇ ಮಾಡ್ತೀನಿ." ಆ ರಾತ್ರಿ ಆ ಮನೆಯಲ್ಲಿ ಏನಾಯಿತೋ ಗೊತ್ತಿಲ್ಲ. ಜೇನು ಮಾತ್ರ ಕೂಸಿನ ಹುಟ್ಟುಹಬ್ಬದ ತನಕ ಕಪಾಟಿನ ಮೇಲಿನ ಅಂಕಣಕ್ಕೆ ಹೋಯಿತು. ದೃಷ್ಟಿ ತೆಗೆಯುವುದಕ್ಕೆ ಆಯಿಗೆ ಅಡ್ಡಿ ಇರಲಿಲ್ಲ, ಕೆಂಪು ಮೆಣಸಿನಕಾಯಿ ಸುಟ್ಟು ನಾವಿಬ್ಬರೂ ಕೆಮ್ಮಿದೆವು, ಕೂಸು ನಕ್ಕಿತು.

ಕೆಲಸ ಬೆಳೆಯುವ ರೀತಿ ಬಹಳ ಮೆತ್ತಗಿರುತ್ತದೆ, ಅದನ್ನು ಹೇಳಲೇಬೇಕು. ಯಾರೂ ಬಂದು "ಇವತ್ತಿನಿಂದ ಮನೆಗೆಲಸವೂ ನಿನ್ನದೇ" ಅನ್ನುವುದಿಲ್ಲ. ಮೊದಲು ಕೂಲರ್‌ಗೆ ನೀರು ತುಂಬು ಅಂದರು. ಸರಿ, ಕೂಸಿಗೇ ತಂಪು ಬೇಕು, ತುಂಬಿದೆ. ಆಮೇಲೆ ಮೋಟರ್ ಹಾಕು, ಟ್ಯಾಂಕ್ ತುಂಬಿದ ಮೇಲೆ ಬಂದ್ ಮಾಡು. ಆಮೇಲೆ ಕೂಸಿನ ಬಟ್ಟೆಯ ಜೊತೆ ನಮ್ಮವೂ ನಾಲ್ಕು ಒಣ ಹಾಕು. ಗ್ಯಾಸಿನವನು ಬರುತ್ತಾನೆ, ತರಕಾರಿಯವನು ಬರುತ್ತಾನೆ, ಪಾರ್ಸಲ್ ಬರುತ್ತದೆ, ಓಟಿಪಿ ಹೇಳು. ಎಲ್ಲದರ ಹಿಂದೆ ಒಂದು 'ಹೆಂಗೂ ನೀ ಮನಿಯಾಗೇ ಇರ್ತಿಯಲ್ಲ'. ಕೊನೆಗೆ ಒಂದು ದಿನ, ಚಿಕ್ಕಮ್ಮ ರಜೆ ಹಾಕಿದಾಗ, "ಸಂಜಿಗಿ ಒಂದು ಎಂಟು ರೊಟ್ಟಿ ಬಡಿದಿಟ್ಟು ಹೋಗು" ಅಂದರು.

ಅಲ್ಲಿ ನಾನು ನಿಂತೆ. ರೊಟ್ಟಿ ಬಡಿಯುವುದು ನನಗೆ ಬರಲ್ಲ ಅಂತಲ್ಲ. ಜೋಳದ ಹಿಟ್ಟಿಗೆ ಕುದಿಯುವ ನೀರು, ಕೆಂಡದಂಥ ಹಂಚು, ಎರಡೂ ಕೈ ಹಿಟ್ಟು. ಕೆಳಗೆ ಸೀರೆಯೋ ಚೂಡಿದಾರವೋ ಹಿಡಿದು ಎದ್ದು ನಿಲ್ಲಲು ಕಲಿಯುತ್ತಿರುವ ಕೂಸು. "ಆಗಂಗಿಲ್ರಿ ಮ್ಯಾಡಂ, ಒಲಿ ಮುಂದ ಇದ್ರ ಕೂಸು ನೋಡ್ಲಿಕ್ಕ ಆಗಂಗಿಲ್ಲ" ಅಂದೆ. ಅವರ ಮುಖ ಬಿಗಿಯಾಯಿತು. ಹೋಟೆಲ್‌ನಿಂದ ತರಿಸಿಕೊಂಡರು.

ಜ್ವರದ ದಿನ ಎಲ್ಲಾ ಒಟ್ಟಿಗೇ ಹೊರಗೆ ಬಂತು. ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುವ ದಡಾರ ರುಬೆಲ್ಲಾ ಲಸಿಕೆ ಹಾಕಿಸಿಕೊಂಡು ಬಂದಿದ್ದರು. ಆ ದಿನ ಏನೂ ಆಗಲಿಲ್ಲ, ಎಲ್ಲರೂ ನಿರಾಳ. ಈ ಲಸಿಕೆಗೆ ಜ್ವರ ಬರುವುದಿದ್ದರೆ ಒಂದು ವಾರ, ಹತ್ತು ದಿನ ಕಳೆದ ಮೇಲೆ ಬರುತ್ತದೆ. ಹಾಗೇ ಆಯಿತು. ಮಧ್ಯಾಹ್ನ ಮಲಗಿ ಎದ್ದ ಕೂಸಿನ ಮೈ ಸುಡುತ್ತಿತ್ತು, ಥರ್ಮಾಮೀಟರ್ 102 ತೋರಿಸಿತು. ಮ್ಯಾಡಂಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅವತ್ತು ಅವರಿಗೆ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ. ನೌಕರಿಯಲ್ಲಿ ಇರುವವರಿಗೆ ಗೊತ್ತು, ಆ ಸಭೆಯಲ್ಲಿ ಫೋನ್ ಎತ್ತುವ ಧೈರ್ಯ ಯಾರಿಗೂ ಇರಲ್ಲ. ಅವರ ಯಜಮಾನರಿಗೆ ಮಾಡಿದೆ, ಬೆಂಗಳೂರಿನಲ್ಲಿ ಇರುತ್ತಾರೆ. "ಜ್ವರದ ಔಷಧ ಇದೆಯಲ್ಲಾ, ಸ್ವಲ್ಪ ಹಾಕಿ" ಅಂದರು.

ಸ್ವಲ್ಪ ಅಂದರೆ ಎಷ್ಟು? ಕಪಾಟಿನಲ್ಲಿ ಪ್ಯಾರಾಸಿಟಮಾಲ್‌ನ ಎರಡು ಬಾಟಲಿ ಇದ್ದವು. ಒಂದು ಡ್ರಾಪ್ಸ್, ಒಂದು ಸಿರಪ್. ಲೇಬಲ್ ಓದಿದರೆ ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ, ಸಿರಪ್‌ನಲ್ಲಿ 5 ಎಂಎಲ್‌ಗೆ 120. ಅಂದರೆ ಡ್ರಾಪ್ಸ್ ನಾಲ್ಕು ಪಟ್ಟಿಗಿಂತ ಗಟ್ಟಿ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಏನಾಗಬೇಡ! ಅಳತೆ ಕೂಸಿನ ತೂಕದ ಮೇಲೆ, ಅಂದಾಜಿನ ಮೇಲೆ ಅಲ್ಲ. ತಾಯಿ ಕಾರ್ಡ್ ಹುಡುಕಿ ತೆಗೆದೆ. ಲಸಿಕೆ ಹಾಕಿದ ದಿನ ತೂಕ ಬರೆದಿದ್ದರು. ಹಳೆಯ ಚೀಟಿಯಲ್ಲಿ ಮಕ್ಕಳ ಡಾಕ್ಟರ್ ಕ್ಲಿನಿಕ್ ನಂಬರ್ ಇತ್ತು. ಫೋನ್ ಮಾಡಿ, ಯಾವ ಬಾಟಲಿ, ಎಷ್ಟು ತೂಕ, ಯಾವಾಗ ಲಸಿಕೆ, ಎಲ್ಲಾ ಹೇಳಿದೆ. ಅವರು ಎಷ್ಟು ಎಂಎಲ್ ಅಂತ ಹೇಳಿದರು, ಎರಡು ಸಲ ಹೇಳಿಸಿಕೊಂಡು ಬರೆದುಕೊಂಡು ಹಾಕಿದೆ. ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿದೆ. ನಾಲ್ಕರ ಹೊತ್ತಿಗೆ ಜ್ವರ ಇಳಿದು ಕೂಸು ನನ್ನ ಕೂದಲು ಎಳೆಯುತ್ತಿತ್ತು.

ಮ್ಯಾಡಂ ಬಂದವರೇ ರೇಗಿದರು. ನನಗೆ ಹೇಳದೇ ಡಾಕ್ಟರಿಗೆ ಯಾಕೆ ಮಾಡಿದೆ, ಆಫೀಸ್ ನಂಬರಿಗೆ ಯಾಕೆ ಮಾಡಲಿಲ್ಲ, ನನ್ನ ಮಗುವಿಗೆ ನನ್ನನ್ನು ಕೇಳದೇ ಔಷಧ ಹಾಕಿದ್ದು ಹೇಗೆ. ಒಂದರ ಮೇಲೊಂದು. ನಾನು ಮೊದಲು ಸುಮ್ಮನೆ ಕೇಳಿಸಿಕೊಂಡೆ. ಅವರ ಕಣ್ಣಲ್ಲಿ ನೀರು ನಿಂತಿತ್ತು, ಅದು ಸಿಟ್ಟಲ್ಲ ಅಂತ ಗೊತ್ತಾಗುತ್ತಿತ್ತು. ಆದರೆ ಅವರಿಗೆ ಸಂಕಟ ಆಗಿದೆ ಅಂತ ನಾನು ಬೈಸಿಕೊಳ್ಳಬೇಕೇ? ಫ್ರಿಜ್ ಹತ್ತಿರ ಹೋಗಿ ಆ ಎರಡು ಪುಟ ತೋರಿಸಿದೆ. "ಇದರಾಗ ನಿಮ್ಮ ಆಫೀಸ್ ನಂಬರ್ ಇಲ್ರಿ. ಡಾಕ್ಟರ್ ನಂಬರ್ ಇಲ್ಲ. ಜ್ವರ ಬಂದ್ರ ಏನು ಹಾಕಬೇಕು ಅಂತ ಇಲ್ಲ. ನಾ ಉಂಗುರ ತೆಗೀಬೇಕು ಅಂತ ಅದ."

ಅವರು ಏನೂ ಹೇಳಲಿಲ್ಲ. ನಾನು ಬಸ್ ಹತ್ತಿ ರೂಮಿಗೆ ಬಂದೆ. ನಾಳೆಯಿಂದ ಬರಬೇಡ ಅಂತ ಮೆಸೇಜ್ ಬರುತ್ತದೆ ಅಂತಲೇ ಮಲಗಿದೆ. ಅಕ್ಕ ಅಂತೂ ಬಿಟ್ಟುಬಿಡು ಅಂದಳು.

ಬೆಳಿಗ್ಗೆ ಹೋದರೆ ಮೂರನೇ ಪುಟ ಅಂಟಿಸಿದ್ದರು. ಕಚೇರಿಯಲ್ಲಿ ಕಡತ ನಡೆಸುವವರಿಗೆ ಬಾಯಿಮಾತಿಗಿಂತ ಕಾಗದವೇ ಹತ್ತಿರ ಅನಿಸುತ್ತದೆ, ನನಗೆ ಆಗ ಹೊಳೆದದ್ದು ಅದು. ಆಫೀಸ್ ನಂಬರ್, ಜೊತೆಯಲ್ಲಿ ಕೆಲಸ ಮಾಡುವ ಒಬ್ಬರ ನಂಬರ್, ಡಾಕ್ಟರ್ ನಂಬರ್, ತುರ್ತಿಗೆ 108. ಸಿರಪ್ ಒಂದೇ ಇರಲಿ ಅಂತ ಡ್ರಾಪ್ಸ್ ತೆಗೆದಿದ್ದರು, ಎಷ್ಟು ಹಾಕಬೇಕು ಅಂತ ಡಾಕ್ಟರ್ ಕೈಬರಹದ ಚೀಟಿ ಆ ವಾರವೇ ಬಂತು. ಸಾರಿ ಅಂತೂ ಹೇಳಲಿಲ್ಲ. ಚಹಾ ಮಾಡಿ ಕೊಟ್ಟರು.

ಆ ಪುಟದಲ್ಲಿ ಕೆಳಗೆ ಜಾಗ ಇತ್ತು. ಮರುದಿನ ನಾನೇ ಪೆನ್ನಿನಿಂದ ಬರೆದೆ: ಕೂಸಿನ ಬಟ್ಟೆ, ಕೂಸಿನ ಪಾತ್ರೆ, ಕೂಸಿನ ಊಟ ನನ್ನದು, ಬೇರೆ ಕೆಲಸ ಇಲ್ಲ. ಸಂಜೆ ಆರರ ಮೇಲೆ ತಡವಾದರೆ ಆಟೋ ಖರ್ಚು ಮತ್ತು ಗಂಟೆಗೆ 60 ರೂಪಾಯಿ. ಭಾನುವಾರ ಇಲ್ಲ. ಸಂಜೆ ಅವರು ಓದಿ, 60ನ್ನು ಹೊಡೆದು 50 ಮಾಡಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು! ನಗು ತಡೆದುಕೊಂಡೆ.

ಅದು ಕೆಲಸಕ್ಕೆ ಬಂದದ್ದು ಬೇಸಿಗೆಯಲ್ಲಿ. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತದೆ. ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಬೇರೆ ದಾರಿ ಇಲ್ಲ. ಮ್ಯಾಡಂ ಲೆಕ್ಕ ತೆಗೆದರು. ಕೆಲಸ ಅರ್ಧ ದಿನ ಆಯಿತು, ಪಗಾರ ಕಡಿಮೆ ಆಗಬೇಕಲ್ಲ ಅಂತ. ನಾನೂ ಲೆಕ್ಕ ತೆಗೆದೆ. ಏಳೂವರೆಗೆ ಅಲ್ಲಿರಬೇಕು ಅಂದರೆ ಆರೂವರೆಗೆ ಹೊರಡಬೇಕು, ವಾಪಸ್ ಬರುವುದು ಎರಡು ಗಂಟೆಯ ಉರಿಬಿಸಿಲಿನಲ್ಲಿ, ಬಸ್ ಸ್ಟಾಪಿನಲ್ಲಿ ನೆರಳಿಲ್ಲ. ಪಗಾರ ತಿಂಗಳಿಗೆ ಅಂತ ಮಾತಾಗಿದೆ, ಗಂಟೆಗಲ್ಲ. ನಿಮ್ಮ ಪಗಾರ ಈ ಎರಡು ತಿಂಗಳು ಕಡಿಮೆ ಆಗುತ್ತದಾ ಮ್ಯಾಡಂ ಅಂತಲೂ ಕೇಳಿದೆ. ಕೇಳಬಾರದಿತ್ತು ಅಂತ ಅಕ್ಕ ಈಗಲೂ ಹೇಳುತ್ತಾಳೆ. ನನಗೆ ಹಾಗೇನೂ ಅನಿಸುವುದಿಲ್ಲ. ಪಗಾರ ಅಷ್ಟೇ ಉಳಿಯಿತು, ಮೇಲೆ ಎರಡು ತಿಂಗಳು ಮಧ್ಯಾಹ್ನದ ನಂತರ ಟಿಇಟಿಗೆ ಓದಲು ಟೈಮ್ ಸಿಕ್ಕಿತು.

ಈಗ ಕೂಸಿಗೆ ವರ್ಷ ದಾಟಿದೆ, ಗೋಡೆ ಹಿಡಿದು ನಡೆಯುತ್ತಾನೆ, ನನ್ನನ್ನು 'ಕಾ' ಅನ್ನುತ್ತಾನೆ, ಅಕ್ಕನ ಅರ್ಧ. ಗಂಟೆಗೊಂದು ಫೋಟೊ ನಿಂತು, ಮಧ್ಯಾಹ್ನ ಒಂದೇ ಫೋಟೊ ಅನ್ನುವಲ್ಲಿಗೆ ಬಂದಿದೆ. ಮ್ಯಾಡಂ ಇವತ್ತಿಗೂ ಕಟ್ಟುನಿಟ್ಟೇ. ನೋಟ್‌ಬುಕ್‌ನಲ್ಲಿ ಹಾಲಿನ ಟೈಮ್ ಬರೆಯುವುದು ಮರೆತರೆ ಕೆಂಪು ಪೆನ್ನಿನ ಗೆರೆ ಬೀಳುತ್ತದೆ. ಪಗಾರ ಮಾತ್ರ ಒಂದನೇ ತಾರೀಖು ತಪ್ಪಿದ್ದಿಲ್ಲ, ಇದನ್ನೂ ಹೇಳಬೇಕು.

ಮೊನ್ನೆ ಅವರ ಆಫೀಸಿನ ಇನ್ನೊಬ್ಬರು ಫೋನ್ ಮಾಡಿದ್ದರು. ಅವಳಿ ಮಕ್ಕಳಂತೆ, ಏಳು ತಿಂಗಳು, ನೋಡಿಕೊಳ್ಳುವವರು ಬೇಕು, ನಿಮ್ಮ ಗೆಳತಿಯರು ಯಾರಾದರೂ ಇದ್ದರೆ ಹೇಳಿ, "ಎರಡು ಕೂಸು ಒಂದೇ ಕಡೆ ಇರ್ತಾವ, ಕೆಲಸ ಏನೂ ಜಾಸ್ತಿ ಇಲ್ಲ" ಅಂದರು. ರೂಮಿನ ಪಕ್ಕದ ಹುಡುಗಿಯೊಬ್ಬಳು ಹುಡುಕುತ್ತಿದ್ದಾಳೆ. ಅವಳ ಜೊತೆ ಕೂತು ಒಂದು ಪುಟ ಬರೆದೆವು. ಒಬ್ಬಳಿಗೆ ಎರಡು ಕೂಸು ಅಂದರೆ 12,000, ಅಡಿಗೆ ಇಲ್ಲ, ಬಟ್ಟೆ ಮಕ್ಕಳದ್ದು ಮಾತ್ರ, ಡಾಕ್ಟರ್ ಚೀಟಿ ಮೊದಲ ದಿನವೇ ಬೇಕು, ಬಸ್ ಫ್ರೀ ಇದೆ ಅಂತ ಪಗಾರ ಇಳಿಸುವ ಹಾಗಿಲ್ಲ. ವಾಟ್ಸಾಪ್ ಮಾಡಿದೆವು. ನೀಲಿ ಟಿಕ್ ಬಿದ್ದಿದೆ. ಮನೆಯವರನ್ನು ಕೇಳಿ ಹೇಳುತ್ತಾರಂತೆ.